ಎರಡೂ ಕಿವಿ ಇರುವ ಕತ್ತೆ

ಏಯ್, ಪೋಸ್ಟಾಫೀಸಿನ ನೆರಳಲ್ಲಿ ನಿಂತವರೇ, ಬೇಲಿಯಾಚೆ ಪೈಪು ಹಿಡಿದು ಗಿಡಕ್ಕೆ ನೀರು ಬಿಡ್ತಿರೋ ಅಕ್ಕಾ, ಸ್ವಲ್ಪ ಇತ್ತ ಬನ್ನಿ! ಪೈಪು ಕೆಳಗಿಡಿ, ಗಿಡ ಎಲ್ಲಿಗೂ ಓಡಿಹೋಗಲ್ಲ. ಸ್ಕೂಲ್ ಬಸ್ಸಿನ ಗ್ಲೆನಿಸ್ ಗೊತ್ತಲ್ಲ, ಕನ್ನಡಿಯಲ್ಲೇ ಕಣ್ಣು ಬಿಟ್ಟು ನಮ್ಮನ್ನೆಲ್ಲ ತೆಪ್ಪಗೆ ಕೂರಿಸುತ್ತಿದ್ದ ಗ್ಲೆನಿಸ್ ಟ್ರಾಂಟರ್? ಅವಳ ಕಥೆ. ಹೋದ ಕ್ರಿಸ್‌ಮಸ್ಸಿನ ಹಿಂದಿನ ದಿನ ನಡೆದದ್ದು.

ಗ್ಲೆನಿಸ್‌ಗೆ ಎಪ್ಪತ್ತು ತುಂಬಲು ಎರಡು ತಿಂಗಳು ಬಾಕಿ. ಮೂವತ್ತೊಂದು ವರ್ಷ ನಮ್ಮ ವಿಲ್ಗಾ ಊರಿನ ಸ್ಕೂಲ್ ಬಸ್ ಓಡಿಸಿದವಳು. ಯಾವ ಮನೆಯ ಗೇಟು ಕಿರುಗುಟ್ಟುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮಗುವಿನ ತಿಂಡಿ ಡಬ್ಬಿ ಬೆಳಿಗ್ಗೆಯೇ ಖಾಲಿ ಇರುತ್ತದೆ, ಎಲ್ಲ ಬಲ್ಲವಳು. ಆ ಖಾಲಿ ಡಬ್ಬಿಗಳನ್ನು ನೋಡಲಾರದೆ ಹತ್ತೊಂಬತ್ತು ವರ್ಷದ ಕೆಳಗೆ ಅವಳು ಹಬ್ಬದ ಮರ ಶುರು ಮಾಡಿದ್ದು.

ಡಿಸೆಂಬರ್ ಒಂದನೇ ತಾರೀಖು ವೂಲಾಳ ಕಫೆಯಲ್ಲಿ, ಕೂಲ್‌ಡ್ರಿಂಕ್ಸ್ ಫ್ರಿಜ್ಜಿನ ಪಕ್ಕ, ಪ್ಲಾಸ್ಟಿಕ್ ಮರವೊಂದು ಬಂದು ನಿಲ್ಲುತ್ತದೆ. ಕೊಂಬೆಗೆಲ್ಲ ರಟ್ಟಿನ ನಕ್ಷತ್ರ. ಒಂದೊಂದು ನಕ್ಷತ್ರದ ಮೇಲೂ ಒಂದು ನಂಬರು, ಹುಡುಗನೋ ಹುಡುಗಿಯೋ, ವಯಸ್ಸೆಷ್ಟು, ಏನು ಬೇಕು. ಹೆಸರಿಲ್ಲ, ವಿಳಾಸವಿಲ್ಲ. ಕಫೆಗೆ ಬಂದವರು ಒಂದು ನಕ್ಷತ್ರ ಬಿಚ್ಚಿಕೊಂಡು ಹೋಗಿ, ಅದರಲ್ಲಿ ಕೇಳಿದ್ದನ್ನು ತಂದು ಅದೇ ನಂಬರಿನ ಚೀಲಕ್ಕೆ ಹಾಕುತ್ತಾರೆ. ಉಡುಗೊರೆಗೆ ಬಣ್ಣದ ಕಾಗದ ಸುತ್ತಿ ತರುವ ಹಾಗಿಲ್ಲ. ಕಾಗದವನ್ನು ಗ್ಲೆನಿಸ್ ಬೇರೆ ಸುರುಳಿ ಮಾಡಿ ಚೀಲದ ಜೊತೆ ಕಳಿಸುತ್ತಾಳೆ. ಸುತ್ತುವ ಕೈ ತಾಯಿಯದೇ ಆಗಿರಲಿ, ಕೊಟ್ಟವರು ಅಮ್ಮ ಅಂತಲೇ ಮಗು ತಿಳಿಯಲಿ ಅಂತ. ಯಾವ ನಂಬರು ಯಾವ ಮನೆ ಅನ್ನುವುದು ಅವಳ ನೀಲಿ ರಟ್ಟಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಇಂಕ್ ಪೆನ್ನಿನಲ್ಲಿ, ದುಂಡು ಅಕ್ಷರದಲ್ಲಿ.

ಇನ್ನೊಂದು ನಿಯಮವಿತ್ತು. ಮಗು ಬಾಯಲ್ಲಿ ಏನು ಹೇಳಿತೋ ಅದೇ ಮಾತು ನಕ್ಷತ್ರದ ಮೇಲೆ ಬರಬೇಕು. 'ಗೊಂಬೆ', 'ಆಟದ ಸಾಮಾನು' ಅಂತ ದೊಡ್ಡವರು ಚುಟುಕಾಗಿ ಬರೆದು ಮುಗಿಸುವ ಹಾಗಿಲ್ಲ. ಅದಕ್ಕೊಂದು ಕಾರಣವಿತ್ತು. ಗ್ಲೆನಿಸ್‌ಗೆ ಎಂಟು ವರ್ಷವಾಗಿದ್ದಾಗ ಅವಳಪ್ಪ ಸೊಂಟ ಮುರಿದುಕೊಂಡು ಕುರಿ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟು ಮಲಗಿದ್ದ. ಆ ಕ್ರಿಸ್‌ಮಸ್‌ಗೆ ಚರ್ಚಿನ ಹೆಂಗಸರು ಅವಳ ಕೈಗೊಂದು ಪೊಟ್ಟಣ ಕೊಟ್ಟರು. ಬಿಚ್ಚಿ ನೋಡಿದರೆ ಗಂಡಸರ ಎರಡು ಕರವಸ್ತ್ರ. ಏನು ಬೇಕು ಮಗೂ ಅಂತ ಯಾರೂ ಕೇಳಿರಲಿಲ್ಲ. ಅವತ್ತು ಥ್ಯಾಂಕ್ಯೂ ಹೇಳಿದ ಬಾಯಿ ಇವತ್ತಿಗೂ ಕಹಿ ಅನ್ನುತ್ತಿದ್ದಳು.

ಟೀಗನ್ ಅನ್ನುವ ಹೆಣ್ಣುಮಗಳು ಸೆಪ್ಟೆಂಬರಿನಲ್ಲಿ ವಿಲ್ಗಾಕ್ಕೆ ಬಂದಳು. ಜೊತೆಗೆ ವಿನ್ನಿ, ಆರು ವರ್ಷದ ಮಗಳು. ಎರಡು ಚೀಲ, ಒಂದು ದಿಂಬು, ಅಷ್ಟೇ ಸಾಮಾನು. ಗೋಧಿ ಕಣಜದ ಹಿಂದಿನ ಓಣಿಯಲ್ಲಿ ತಗಡಿನ ಮನೆ ಹಿಡಿದು, ಮೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದಳು. ಯಾರ ಜೊತೆಗೂ ಎರಡು ಮಾತಿಗಿಂತ ಹೆಚ್ಚಿಲ್ಲ. ನವೆಂಬರ್ ಕೊನೆಗೆ ಗ್ಲೆನಿಸ್ ಪುಸ್ತಕ ಹಿಡಿದು ಅವರ ಅಡುಗೆಮನೆಯಲ್ಲಿ ಕೂತಳು. ನಿನಗೇನು ಬೇಕೇ ಅಂತ ಕೇಳಿದಾಗ ವಿನ್ನಿ ತುಂಬ ಹೊತ್ತು ಯೋಚಿಸಿದಳು.

"ಒಂದು ಕತ್ತೆ. ಬೂದಿ ಬಣ್ಣದ್ದು. ಈ ಸಲ ಎರಡೂ ಕಿವಿ ಇರ್ಬೇಕು."

ಗ್ಲೆನಿಸ್ ಗೊಳ್ಳೆಂದು ನಕ್ಕಳು. ಟೀಗನ್ ನಗಲಿಲ್ಲ. ಗೊಂಬೆ ಅಂತಷ್ಟೇ ಬರೀರಿ, ಸಾಕು ಅಂದಳು. ಮಗು ಹೇಳಿದ್ದನ್ನೇ ಬರೆಯುವುದು ತನ್ನ ನಿಯಮ ಅಂತ ಗ್ಲೆನಿಸ್ ಹೇಳಿದಳು. ಟೀಗನ್ ಇನ್ನೊಂದು ಸಲ, ಮೆಲ್ಲಗೆ, ದಯವಿಟ್ಟು ಅಂದಳು. ನಾಚಿಕೆ ಪಡಬೇಡಮ್ಮಾ, ಊರವರಿಗೆ ಇಂಥ ಮಾತೇ ಇಷ್ಟ ಅಂತ ಗ್ಲೆನಿಸ್ ಬೆನ್ನು ತಟ್ಟಿದಳು. ಆಮೇಲೆ ಟೀಗನ್ ಸುಮ್ಮನಾದಳು. ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿತ್ತು.

ಇಪ್ಪತ್ತಮೂರನೇ ನಂಬರಿನ ನಕ್ಷತ್ರ ಹಾಗೆ ಮರ ಏರಿತು. ಕಫೆಯಲ್ಲಿ ಎಲ್ಲರೂ ಓದಿ ಓದಿ ನಕ್ಕರು.

ನಮ್ಮಲ್ಲಿ ಡಿಸೆಂಬರ್ ಅಂದರೆ ನಡುಬೇಸಿಗೆ ತಾನೆ, ಇಪ್ಪತ್ತನಾಲ್ಕರ ಬೆಳಿಗ್ಗೆ ಎಂಟಕ್ಕೇ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು. ಉತ್ತರದ ಕಾಡಿಗೆ ಬೆಂಕಿ ಬಿದ್ದು ಮೂರು ದಿನ. ಆಕಾಶ ಹಳದಿ, ಸೂರ್ಯ ತಾಮ್ರದ ಬಿಲ್ಲೆ. ಹಾಡಹಗಲೇ ಕಾಗೆಗಳು ಗೂಡು ಸೇರಿ ಕೂತಿದ್ದವು. ಯಾರೂ ಕಡ್ಡಿ ಗೀರಬಾರದು, ಮಾಂಸ ಸುಡುವ ಒಲೆ ಕೂಡ ಹಚ್ಚಬಾರದು ಅಂತ ರೇಡಿಯೋ ಗಂಟೆಗೊಮ್ಮೆ ಹೇಳುತ್ತಿತ್ತು.

ಸಮುದಾಯ ಭವನದಲ್ಲಿ ಗ್ಲೆನಿಸ್ ಒಬ್ಬಳೇ ಚೀಲ ಜೋಡಿಸುತ್ತಿದ್ದಳು. ಟಿನ್ನಿನ ಹ್ಯಾಮ್, ಪುಡಿಂಗ್, ಹಾಲಿನ ಪೊಟ್ಟಣ, ಎರಡೆರಡು ಮಾವಿನಹಣ್ಣು, ಕಾಗದದ ಸುರುಳಿ. ಇಪ್ಪತ್ತಮೂರನೇ ಚೀಲಕ್ಕೆ ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಹೊರಗೆಳೆದಳು. ಬೂದಿ ಬಣ್ಣದ ಕತ್ತೆ. ಹಳೆಯದು. ಹೊಟ್ಟೆಯ ತುಪ್ಪುಳ ಸವೆದಿತ್ತು. ಒಂದು ಕಿವಿ ಹುಟ್ಟಿನಿಂದ ಇದ್ದದ್ದು. ಅದೇ ಬಟ್ಟೆಯ ಇನ್ನೊಂದನ್ನು ಮೀನು ಹಿಡಿಯುವ ಹಸಿರು ದಾರದಲ್ಲಿ, ಒತ್ತೊತ್ತಾಗಿ, ಬಿಗಿಯಾಗಿ ಹೊಲಿದಿದ್ದರು.

ಯಾರೋ ಜಿಪುಣರು ಮನೆಯ ಹಳೆಯ ಗೊಂಬೆ ತಳ್ಳಿದ್ದಾರೆ ಅಂತ ಬೈದುಕೊಂಡು ಅವಳು ಕತ್ತೆಯ ಕುತ್ತಿಗೆಗೆ ಕಟ್ಟಿದ್ದ ನಕ್ಷತ್ರ ತಿರುಗಿಸಿದಳು. ಅವಳದೇ ದುಂಡು ಅಕ್ಷರ: ಈ ಸಲ ಎರಡೂ ಕಿವಿ ಇರಬೇಕು. ಅದರ ಕೆಳಗೆ ಬೇರೆ ಕೈಯ ಅಕ್ಷರ, ಚಿಕ್ಕದಾಗಿ, ಅಚ್ಚುಕಟ್ಟಾಗಿ: ಸರಿ ಮಾಡಿದ್ದೇನೆ.

ಹಿಂದಿನ ಕತ್ತೆಗೆ ಒಂದು ಕಿವಿ ಇರಲಿಲ್ಲ ಅಂತ ನಕ್ಷತ್ರ ಓದಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ಕಿತ್ತುಹೋದ ಕಿವಿ ಯಾರ ಹತ್ತಿರ ಉಳಿದಿರುತ್ತದೆ? ಈ ಪ್ರಶ್ನೆ ತಲೆಗೆ ಬಂದದ್ದೇ ಗ್ಲೆನಿಸ್ ಬೆಂಚಿನ ಮೇಲೆ ಕೂತುಬಿಟ್ಟಳು.

ಮೊದಲು ಕಫೆಗೆ ಓಡಿದಳು. ವೂಲಾ ಆ ಮನುಷ್ಯನನ್ನು ಬಾಯ್ತುಂಬ ಹೊಗಳಿದಳು. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ಹೆದ್ದಾರಿಯಲ್ಲಿ ಹೋಗುತ್ತಾ ನಿಂಬೆ ಶರಬತ್ತಿಗೆ ಅಂತ ನಿಂತವನು, ಆ ನಕ್ಷತ್ರ ಓದಿ ಕಣ್ಣಲ್ಲಿ ನೀರು ತಂದುಕೊಂಡನಂತೆ. ಎರಡು ದಿನ ಬಿಟ್ಟು ಹಿಂತಿರುಗಿ ಬಂದು ಗೊಂಬೆ ಕೊಟ್ಟನಂತೆ. ಮೋಟೆಲಿನಲ್ಲಿ ರೂಮ್ ಖಾಲಿ ಇಲ್ಲ ಅಂದದ್ದಕ್ಕೆ ಪಿಕಪ್ಪಿನಲ್ಲೇ ಮಲಗುತ್ತೇನೆ, ಹಬ್ಬ ನೋಡಿಯೇ ಹೋಗುತ್ತೇನೆ ಅಂದನಂತೆ.

"ಸಾಂತಾ ಗಾಡಿ ಎಷ್ಟೊತ್ತಿಗೆ, ಯಾವ್ ಬೀದಿಯಿಂದ ಅಂತ ಕೇಳ್ದ. ಪಟ್ಟಿ ಕೊಟ್ಟೆ. ಚೀಲಗಳೂ ಅದ್ರಲ್ಲೇ ಹೋಗ್ತಾವಾ ಅಂದ, ಹೂಂ ಅಂದೆ," ಅಂದಳು ವೂಲಾ. ಗ್ಲೆನಿಸ್ ಮುಖ ನೋಡಿ ಅವಳ ನಗು ನಿಂತಿತು. "ಯಾಕೆ, ಏನ್ ತಪ್ಪು ಮಾಡ್ದೆ ನಾನು?"

ಗಾಜಿನ ಆಚೆ, ಎರಡು ರಸ್ತೆ ಸೇರುವ ಮೂಲೆಯಲ್ಲಿ, ಬಿಳಿ ಪಿಕಪ್ ನಿಂತಿತ್ತು. ಸ್ಟೇರಿಂಗಿನ ಹಿಂದೆ ಕೂತವನು ಇತ್ತ ತಿರುಗಿ ನೋಡಲಿಲ್ಲ. ಅವನಿಗೆ ಅವಸರವೇ ಇರಲಿಲ್ಲ.

ವಿಲ್ಗಾದ ಸಾಂತಾ ಬರುವುದು ಫೈರ್ ಎಂಜಿನ್ ಮೇಲೆ. ಸೈರನ್ ಕೂಗುತ್ತಾ ಒಂದು ಬೀದಿಯನ್ನೂ ಬಿಡದೆ ಸುತ್ತುತ್ತದೆ. ಸೈರನ್ ಕೇಳಿದರೆ ಸಾಕು, ಜ್ವರ ಬಂದು ಮಲಗಿದ ಮಗುವೂ ಎದ್ದು ಗೇಟಿಗೆ ಓಡಿಬರುತ್ತದೆ, ಚಾಕ್ಲೇಟು ಎಸೆಯುತ್ತಾರೆ ಅಂತ. ಪಿಕಪ್ಪಿನವನು ಯಾರ ಮನೆಯನ್ನೂ ಹುಡುಕಬೇಕಿರಲಿಲ್ಲ. ಗಾಡಿಯ ಹಿಂದೆ ನಿಧಾನವಾಗಿ ಹೋದರೆ ಸಾಕು, ವಿನ್ನಿಯೇ ಹೊರಗೆ ಬಂದು ನಿಲ್ಲುತ್ತಿದ್ದಳು. ತಪ್ಪಿದರೆ ಇಪ್ಪತ್ತಮೂರನೇ ಚೀಲ ಯಾವ ಮನೆಯ ಮುಂದೆ ಇಳಿಯುತ್ತದೆ ಅಂತ ನೋಡಿದರಾಯಿತು.

ಗ್ಲೆನಿಸ್ ಹಿಂದಿನ ಓಣಿಯಿಂದ ಟೀಗನ್ ಮನೆಗೆ ಹೋದಳು. ಕತ್ತೆಯನ್ನು ಚೀಲದಿಂದ ಪೂರ್ತಿ ತೆಗೆಯುವ ಮೊದಲೇ ಟೀಗನ್ ಮೆಟ್ಟಿಲ ಮೇಲೆ ಕುಸಿದಳು. ಅಳಲಿಲ್ಲ. ಬಾಗಿಲ ಕಡೆ ನೋಡಿ, ಮಗಳು ಒಳಗೆ ಚಿತ್ರ ಬರೆಯುತ್ತಿರುವುದನ್ನು ಖಾತ್ರಿ ಮಾಡಿಕೊಂಡಳು.

"ಡೀನ್. ನನ್ ಗಂಡ," ಅಂದಳು. "ಹತ್ರ ಬರಬಾರ್ದು ಅಂತ ಕೋರ್ಟು ಹೇಳಿದೆ. ಅವತ್ತು ವಿನ್ನಿ ಕಿವಿ ಹಿಡ್ದಿದ್ದ. ನಾನು ಅಡ್ಡ ಹೋದೆ. ಗೊಂಬೆ ಕಿವಿ ಕಿತ್ತು ಕೈಯಲ್ಲಿ ಹಿಡ್ಕೊಂಡು, ಮುಂದಿನ ಸಲ ಗೊಂಬೆದಲ್ಲ ಅಂದ."

ನನಗೆ ಮೊದಲೇ ಹೇಳಬಾರದಿತ್ತಾ ಅಂತ ಗ್ಲೆನಿಸ್ ಕೇಳಿಬಿಟ್ಟಳು.

"ಎರಡು ಸಲ ಹೇಳ್ದೆ," ಅಂದಳು ಟೀಗನ್. "ನಿಮಗೆ ನಿಮ್ಮ ನಿಯಮ ಇತ್ತು."

ಗ್ಲೆನಿಸ್ ಕತ್ತೆಯನ್ನು ಮತ್ತೆ ಚೀಲಕ್ಕೆ ತುರುಕಿದಳು. ಪೊಲೀಸ್ ಕಾನ್‌ಸ್ಟೆಬಲ್ ಹೆಫರ್ನನ್‌ಗೆ ಫೋನ್ ಮಾಡಿದಳು. ಆ ಭಾಗಕ್ಕೆಲ್ಲ ಇದ್ದವಳು ಅವಳೊಬ್ಬಳೇ. ಬೆಂಕಿಯಿಂದ ಉತ್ತರದ ರಸ್ತೆ ಮುಚ್ಚಿ, ಇಪ್ಪತ್ತು ಕಿಲೋಮೀಟರ್ ಆಚೆ ತಡೆಗೋಲಿನ ಹತ್ತಿರ ಕಾವಲು ನಿಂತಿದ್ದಳು. ಬದಲಿ ಬರುವವರೆಗೆ ಅಲ್ಲಿಂದ ಕದಲುವ ಹಾಗಿರಲಿಲ್ಲ. ದಕ್ಷಿಣದ ರಸ್ತೆ ಬೇಡವೇ ಬೇಡ, ತೊಂಬತ್ತು ಕಿಲೋಮೀಟರ್ ಒಂದು ಮನೆಯಿಲ್ಲ ಅಂದಳು. ತಾಯಿ ಮಗಳನ್ನು ಹೇಗಾದರೂ ತನ್ನ ತಡೆಗೋಲಿಗೆ ತಲುಪಿಸಿದರೆ ಉಳಿದದ್ದು ತನಗೆ ಬಿಡಿ. ಅದನ್ನು ದಾಟಲು ಫೈರ್ ಎಂಜಿನ್‌ಗಳಿಗಷ್ಟೇ ಅಪ್ಪಣೆ ಅಂದಳು. ಫೋನ್ ಇಟ್ಟ ಮೇಲೂ ಗ್ಲೆನಿಸ್ ಆ ಕೊನೆಯ ಮಾತನ್ನೇ ಹಿಡಿದುಕೊಂಡು ನಿಂತಳು.

ಫೈರ್ ಎಂಜಿನ್ ಶೆಡ್ಡಿನಲ್ಲಿ ಮರ್ವ್ ಆಗಲೇ ಸಾಂತಾನ ಕೆಂಪು ಚಡ್ಡಿ ತೊಟ್ಟು ಫ್ಯಾನಿನ ಮುಂದೆ ಗಡ್ಡ ಒಣಗಿಸುತ್ತಿದ್ದ. ಊರಿನ ಅಗ್ನಿಶಾಮಕ ತಂಡಕ್ಕೆ ಅವನೇ ನಾಯಕ. ಆ ಗಡ್ಡದಲ್ಲಿ ಮೇಕೆ ಸತ್ತಿದೆಯಾ ಅಂತ ಗ್ಲೆನಿಸ್ ಪ್ರತಿ ವರ್ಷ ಕೇಳುತ್ತಿದ್ದಳು. ಈ ವರ್ಷ ಕೇಳಲಿಲ್ಲ ಅನ್ನುವುದರಿಂದಲೇ ಅವನಿಗೆ ಏನೋ ಆಗಿದೆ ಅಂತ ಗೊತ್ತಾಯಿತು. ಎಲ್ಲ ಕೇಳಿದ ಮೇಲೆ, ತಾನೂ ಹುಡುಗರೂ ಹೋಗಿ ಆ ಪಿಕಪ್ಪಿನವನನ್ನು ಇಳಿಸಿ ವಿಚಾರಿಸಿಕೊಳ್ಳುತ್ತೇವೆ ಅಂದ. ಇವತ್ತು ಇಳಿಸಿದರೆ ನಾಳೆ ಇನ್ನೂ ಸಿಟ್ಟಾಗಿ ಬರುತ್ತಾನೆ ಅಂದಳು ಗ್ಲೆನಿಸ್. ಅವಳ ಯೋಚನೆ ಬೇರೆ ಇತ್ತು.

"ಇಪ್ಪತ್ತಮೂರರ ಚೀಲ ನಿನ್ ಮನೆ ಮುಂದೆ ಇಳಿಸ್ಬೇಕಾ?" ಅಂದ ಮರ್ವ್. "ತಲೆ ನೆಟ್ಟಗಿದ್ಯೇನೇ ಗ್ಲೆನ್? ಅವ್ನು ನೆಟ್ಟಗೆ ನಿನ್ ಬಾಗಿಲಿಗೇ ಬರ್ತಾನೆ."

"ಬರ್ಲಿ ಅಂತಾನೇ. ಅವ್ನು ನನ್ ಬಾಗ್ಲಲ್ಲಿದ್ರೆ ನಿನ್ ಹಿಂದೆ ಇರಲ್ಲ."

ಹನ್ನೆರಡು ಗಂಟೆಗೆ ಗ್ಲೆನಿಸ್ ತನ್ನ ಕಾರಿನಲ್ಲಿ ಚೀಲಗಳನ್ನು ಭವನದಿಂದ ಫೈರ್ ಎಂಜಿನ್ ಶೆಡ್ಡಿಗೆ ಸಾಗಿಸತೊಡಗಿದಳು. ಪ್ರತಿ ವರ್ಷ ಸಾಗಿಸುವುದನ್ನು ಊರೇ ನೋಡಿದೆ, ಹಾಗಾಗಿ ಯಾರಿಗೂ ಹೊಸದಲ್ಲ. ನಾಲ್ಕನೇ ಸುತ್ತಿನಲ್ಲಿ ಹಿಂದಿನ ಸೀಟಿನ ಕೆಳಗೆ ಟೀಗನ್ ಮಲಗಿದ್ದಳು, ಎದೆಯ ಮೇಲೆ ವಿನ್ನಿ, ಇಬ್ಬರ ಮೇಲೂ ಹಬ್ಬದ ಮೇಜುಬಟ್ಟೆ ಮತ್ತು ಕಾಗದದ ಸುರುಳಿಗಳು. ಮೂಲೆಯಲ್ಲಿ ಬಿಳಿ ಪಿಕಪ್ಪಿನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಡೀನ್ ಕಿಟಕಿಯಿಂದ ಕೈ ಎತ್ತಿ ಹಬ್ಬದ ಶುಭಾಶಯ ಅಂದ. ಗ್ಲೆನಿಸ್ ಕೂಡ ಕೈ ಎತ್ತಿದಳು. ಹಿಂದಿನಿಂದ ಉಸಿರಾಡುವ ಸದ್ದೂ ಬರಲಿಲ್ಲ. ಆರು ವರ್ಷದ ಮಗುವಿಗೆ ಅಷ್ಟು ಚೆನ್ನಾಗಿ ಉಸಿರು ಹಿಡಿಯಲು ಬರುತ್ತದಲ್ಲ ಅನ್ನುವುದೇ ಅವಳನ್ನು ಹೆಚ್ಚು ಹೆದರಿಸಿತು.

ನಾಲ್ಕಕ್ಕೆ ಸೈರನ್ ಕೂಗಿತು. ಫೈರ್ ಎಂಜಿನ್ನಿನ ಹಿಂದಿನ ಕ್ಯಾಬಿನ್ನಿನ ನೆಲದ ಮೇಲೆ ತಾಯಿ ಮಗಳು, ಮೇಲೆ ಮರ್ವ್ ಹೊಹ್ಹೊಹ್ಹೋ ಅನ್ನುತ್ತಾ ಚಾಕ್ಲೇಟು ಎಸೆಯುತ್ತಿದ್ದ. ಹಳದಿ ಹೊಗೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಗೇಟಿಗೆ ಓಡಿಬಂದರು. ಐವತ್ತು ಹೆಜ್ಜೆ ಹಿಂದೆ ಪಿಕಪ್ ನಡೆಯುವ ವೇಗದಲ್ಲಿ ಬರುತ್ತಿತ್ತು. ಪ್ರತಿ ಗೇಟಿನ ಮುಂದೆ ಚಣ ನಿಂತು, ಮಕ್ಕಳ ಮುಖ ನೋಡಿ, ಮತ್ತೆ ಮುಂದೆ. ಜನ ಅವನಿಗೂ ಕೈ ಬೀಸಿದರು.

ಗ್ಲೆನಿಸ್ ತನ್ನ ಜಗುಲಿಯಲ್ಲಿ ಕಾಯುತ್ತಿದ್ದಳು. ಅವಳ ಮನೆ ಊರಿನ ಉತ್ತರದ ತುದಿಯಲ್ಲಿ, ಕೊನೆಯದು. ಮರ್ವ್ ಇಳಿದು, ಎಲ್ಲರಿಗೂ ಕಾಣುವ ಹಾಗೆ, ಇಪ್ಪತ್ತಮೂರು ಅಂತ ಬರೆದ ಚೀಲವನ್ನು ಮೆಟ್ಟಿಲ ಮೇಲಿಟ್ಟ. ಅವಳ ಮುಖ ನೋಡಲಿಲ್ಲ. ಗಾಡಿ ಸೈರನ್ ನಿಲ್ಲಿಸಿ ಉತ್ತರದ ಹೊಗೆಯೊಳಗೆ ಹೋಯಿತು. ಪಿಕಪ್ ಗೇಟಿನ ಮುಂದೆ ನಿಂತಿತು.

ಡೀನ್ ಅಂಗಿಯ ಸುಕ್ಕು ಸರಿಮಾಡಿಕೊಂಡು, ಗೇಟನ್ನು ಮೆಲ್ಲಗೆ ಮುಚ್ಚಿ ಬಂದ.

"ಇಪ್ಪತ್ತಮೂರು ನಿಮ್ಮನೇನಾ? ಆರು ವರ್ಷದ ಹುಡುಗಿ ಇಲ್ಲಿದಾಳಾ?"

ಈ ವಯಸ್ಸಿನಲ್ಲಿ ನನಗೆ ಆರು ವರ್ಷದ ಮಗಳಿದ್ದರೆ ಪೇಪರಿನಲ್ಲಿ ಬರುತ್ತಿತ್ತು ಅಂತ ಗ್ಲೆನಿಸ್ ನಕ್ಕಳು. ಮನೆಯಲ್ಲಿ ಇಲ್ಲದವರ ಚೀಲ ತನ್ನ ಹತ್ತಿರ ಬರುತ್ತದೆ, ಅವರು ಹಬ್ಬಕ್ಕೆ ಎಲ್ಲಿಗೋ ಹೋದರಂತೆ ಅಂದಳು. ಅವನೂ ನಕ್ಕ. ಚೀಲದಿಂದ ಕತ್ತೆ ತೆಗೆದು, ಹೊಲಿದ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ.

"ಮೀನಿನ ದಾರ. ಎಷ್ಟೆಳೆದ್ರೂ ಬರಲ್ಲ. ನಾನು ಏನೇ ಮಾಡಿದ್ರೂ ನೀಟಾಗಿ ಮಾಡ್ತೀನಿ. ಸ್ವಲ್ಪ ನೀರು ಸಿಗುತ್ತಾ?"

ಅವಳು ಕರೆಯದಿದ್ದರೂ ಅವನು ಹಿಂದೆಯೇ ಒಳಗೆ ಬಂದ. ಬೆಳಿಗ್ಗೆಯಿಂದ ನೂರು ಯೋಚನೆ ಮಾಡಿದ್ದ ಗ್ಲೆನಿಸ್ ಒಂದನ್ನು ಮರೆತಿದ್ದಳು. ನೀಲಿ ರಟ್ಟಿನ ಪುಸ್ತಕ ಅಡುಗೆಮನೆಯ ಮೇಜಿನ ಮೇಲೆ ಪುಡಿಂಗಿನ ಪಕ್ಕದಲ್ಲೇ ಇತ್ತು. ಅಡುಗೆ ಪುಸ್ತಕ ಅಂದಳು. ಅವನಾಗಲೇ ಕುರ್ಚಿ ಎಳೆದು ಕೂತು ಮೊದಲ ಪುಟ ತೆರೆದಿದ್ದ. ಅವಸರವಿಲ್ಲದೆ, ಒಂದೊಂದೇ ಪುಟ ಮಗುಚುತ್ತಾ, ಜೋರಾಗಿ ಓದತೊಡಗಿದ.

"ಹುಡುಗ, ಒಂಬತ್ತು. ಅಪ್ಪಂಗೆ ಸಿಗದ ಹಾಗೆ ಇಡೋಕಾಗೋ ಅಂಥ ಚಿಕ್ಕ ಚೆಂಡು." ಇನ್ನೊಂದು ಪುಟ. "ಹುಡುಗಿ, ಐದು. ಒಳಗಿಂದ ಚಿಲಕ ಇರೋ ಬೊಂಬೆ ಮನೆ. ಚೆನ್ನಾಗಿದೆ ಕಣ್ರೀ ಇದು."

ಗ್ಲೆನಿಸ್ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಳು. ಆ ಮಾತುಗಳನ್ನು ಬರೆದವಳು ಅವಳೇ. ಬರೆದಾಗ ಮುದ್ದು ಬಂದಿತ್ತು, ಊರವರಿಗೆ ತೋರಿಸಿ ನಗಿಸಿದ್ದಳು. ಒಂದನ್ನೂ ಕೇಳಿಸಿಕೊಂಡಿರಲಿಲ್ಲ. ಪಕ್ಕದಲ್ಲೇ ಆ ಮಕ್ಕಳ ಮನೆಯ ವಿಳಾಸ. ಅವನ ಬೆರಳು ಕೊನೆಯ ಪುಟಗಳಿಗೆ ಬಂದಿತ್ತು. ಇಪ್ಪತ್ತು, ಇಪ್ಪತ್ತೊಂದು.

ಅವಳು ತಣ್ಣೀರಿನ ಹೂಜಿ ತಂದು, ಲೋಟಕ್ಕೆ ಬಗ್ಗಿಸುವ ಹಾಗೆ ಬಗ್ಗಿಸಿ, ಪುಟದ ಮೇಲೆ ಪೂರ್ತಿ ಸುರಿದಳು. ದುಂಡು ಅಕ್ಷರಗಳು ಒಂದರೊಳಗೊಂದು ಕರಗಿ ಪುಟವೆಲ್ಲ ನೀಲಿಯಾಯಿತು.

"ವಯಸ್ಸಾಯ್ತು ನೋಡಪ್ಪ," ಅಂದಳು. "ಕೈ ನಡುಗುತ್ತೆ."

ಡೀನ್ ತನ್ನ ಅಂಗಿಯ ತೋಳಿಗೆ ಹತ್ತಿದ ನೀಲಿಯನ್ನೇ ತುಂಬ ಹೊತ್ತು ನೋಡಿದ. ಅವಳ ಕೈ ನಡುಗುತ್ತಿರಲಿಲ್ಲ ಅನ್ನುವುದನ್ನೂ ಅವನು ನೋಡಿದ. ಆಗ ಫೋನ್ ರಿಂಗಾಯಿತು. ಮರ್ವ್ ಒಂದೇ ಮಾತು ಹೇಳಿದ, ತಡೆಗೋಲು ದಾಟಾಯಿತು ಅಂತ.

"ಅವ್ರು ಪೊಲೀಸರ ಹತ್ರ ಇದಾರೆ," ಅಂದಳು ಗ್ಲೆನಿಸ್. "ನೀನು ಇಲ್ಲಿದೀಯ ಅನ್ನೋದೂ ಪೊಲೀಸರಿಗೆ ಗೊತ್ತು."

ಅವನು ಎದ್ದ. ಕೋಪವಿಲ್ಲ, ಗಡಿಬಿಡಿಯಿಲ್ಲ. ಕುರ್ಚಿಯನ್ನು ಮೊದಲಿದ್ದ ಹಾಗೆ ಮೇಜಿನ ಕೆಳಗೆ ತಳ್ಳಿದ.

"ಮುಂದಿನ ವರ್ಷಾನೂ ಮರ ಇಡ್ತೀರಲ್ವಾ? ಊರೂರಲ್ಲೂ ಇಡ್ತಾರೆ. ನಾನು ನಿಂತ್ಕೊಂಡು ಓದ್ತೀನಿ."

ಪಿಕಪ್ ದಕ್ಷಿಣದ ರಸ್ತೆ ಹಿಡಿದು ಹೋಯಿತು. ಹೆಫರ್ನನ್ ಅದರ ನಂಬರನ್ನು ಮುಂದಿನ ಠಾಣೆಗೆ ತಿಳಿಸಿದಳು. ಆ ಠಾಣೆಯ ಮುಂದೆ ಅಂಥ ಗಾಡಿ ಹಾದುಹೋಗಲೇ ಇಲ್ಲ. ಮರ್ವ್ ಏಳಕ್ಕೆ ವಾಪಸ್ ಬಂದು, ಡೀನ್ ಹೋಗುವಾಗ ಜಗುಲಿಯ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿದ್ದ ಕತ್ತೆಯನ್ನು ಪೊಲೀಸರಿಗೆ ಕೊಡಲು ಚೀಲದೊಳಗೆ ಹಾಕಿಕೊಂಡ. ತಾಯಿ ಮಗಳನ್ನು ಹೆಫರ್ನನ್ ಎಲ್ಲಿಗೆ ಕರೆದುಕೊಂಡು ಹೋದಳು ಅಂತ ಗ್ಲೆನಿಸ್ ಕೇಳಲಿಲ್ಲ. ಮಗು ಏನಾದರೂ ಹೇಳಿತಾ ಅಂತಷ್ಟೇ ಕೇಳಿದಳು. ಇಳಿಯುವಾಗ ವಿನ್ನಿ, ಸೈರನ್ ಮತ್ತೆ ಹಾಕಬೇಡಿ ಅಂದಳಂತೆ.

ಮರ್ವ್ ಹೋದ ಮೇಲೆ ಗ್ಲೆನಿಸ್ ಬಾಗಿಲ ಬೀಗ ಹಾಕಲು ಹೋದಳು. ಮೂವತ್ತು ವರ್ಷದಿಂದ ಹಾಕಿರಲಿಲ್ಲ, ಕೀಲಿ ಎಲ್ಲಿದೆಯೋ ಗೊತ್ತಾಗಲಿಲ್ಲ. ಬಾಗಿಲಿಗೆ ಕುರ್ಚಿ ಒತ್ತಿಟ್ಟಳು. ಇನ್ನೂ ಬೆಳಕಿತ್ತು, ಹೊಗೆಯ ಹಳದಿ ಬೆಳಕು. ಪುಸ್ತಕವನ್ನು ಸುಡೋಣವೆಂದರೆ ಊರಿನಲ್ಲಿ ಕಡ್ಡಿ ಗೀರುವ ಹಾಗಿಲ್ಲ. ಬಟ್ಟೆ ಒಗೆಯುವ ತೊಟ್ಟಿಗೆ ನೀರು ತುಂಬಿಸಿದಳು. ಹತ್ತೊಂಬತ್ತು ವರ್ಷದ ಪುಸ್ತಕವನ್ನು ಅದರಲ್ಲಿ ಮುಳುಗಿಸಿ, ಒಂದೊಂದೇ ಪುಟ ಬಿಡಿಸಿ, ಚೆಂಡು ಕೇಳಿದ ಹುಡುಗನನ್ನು, ಚಿಲಕ ಕೇಳಿದ ಹುಡುಗಿಯನ್ನು, ಎಲ್ಲರನ್ನೂ ಇನ್ನೊಂದು ಸಲ ಓದಿ, ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದಳು. ಪುಸ್ತಕ ನೀರಿಗೆ ಇನ್ನೂ ನೀಲಿ ಬಿಡುತ್ತಲೇ ಇತ್ತು. ಅವಳು ತೊಟ್ಟಿ ಖಾಲಿ ಮಾಡಿ, ಮತ್ತೆ ನೀರು ತುಂಬಿಸಿದಳು.